ಮುಳ್ಳಯ್ಯನಗಿರಿ ಮುಗಿಯುವಲ್ಲಿ ಹಿಮಾಲಯದ ಮೊದಲ ಹೆಜ್ಜೆ

ಪರೀಕ್ಷೆ ಮುಗಿದಿದೆ. ಕಾಲೇಜಿನ ಕ್ಯಾಂಟೀನಿನಲ್ಲಿ ಐದಾರು ಮಂದಿ ಗೆಳೆಯರು ಸೇರಿದ್ದಾರೆ. ಕೊಡಚಾದ್ರಿ ಆಯಿತು, ಕುಮಾರಪರ್ವತವೂ ಆಯಿತು. ‘ಈ ಸಲ ಹಿಮಾಲಯಕ್ಕೇ ಹೋಗೋಣ ಕಣ್ರೋ’ ಎಂದು ಒಬ್ಬ ಮಾತು ತೆಗೆಯುತ್ತಾನೆ. ಅರ್ಧ ಗಂಟೆಯೊಳಗೆ ಎಲ್ಲರೂ ಸೈ ಎಂದಾಗಿರುತ್ತದೆ. ಉಳಿದಿರುವುದು ಒಂದೇ, ಮನೆಯವರನ್ನು ಒಪ್ಪಿಸುವುದು!

ಹೀಗೆ ಹೊರಡುವ ಹೊಸಬರಲ್ಲಿ ಹಲವರು ಆರಿಸಿಕೊಳ್ಳುವುದು ಉತ್ತರಾಖಂಡದ ಕೇದಾರಕಂಠವನ್ನು. ಉತ್ತರಕಾಶಿ ಜಿಲ್ಲೆಯಲ್ಲಿರುವ ಈ ಶಿಖರದ ಎತ್ತರ ಸುಮಾರು 3,800 ಮೀಟರ್. ಡೆಹ್ರಾಡೂನ್‌ನಿಂದ ಪುರೋಲಾ, ಮೋರಿ ಮಾರ್ಗವಾಗಿ ಸುಮಾರು 200 ಕಿಲೋಮೀಟರ್ ಸಾಗಿದರೆ ಸಂಕ್ರಿ ಎಂಬ ಹಳ್ಳಿ ಸಿಗುತ್ತದೆ. ಚಾರಣ ಶುರುವಾಗುವುದು ಇಲ್ಲಿಂದಲೇ.

ಇಲ್ಲೊಂದು ಸ್ವಾರಸ್ಯವಿದೆ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಸಂಕ್ರಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಅಂದರೆ ನಮ್ಮ ಬೆಟ್ಟಗಳು ಎಲ್ಲಿ ಮುಗಿಯುತ್ತವೆಯೋ ಅಲ್ಲಿಂದ ಈ ನಡಿಗೆಯ ಮೊದಲ ಹೆಜ್ಜೆ!

ಮೊದಲ ದಿನ ಪೈನ್ ಮರಗಳ ನಡುವಿನ ಏರುದಾರಿ. ಕಾಲಿನಲ್ಲಿ ಕಸುವಿರುವ ಹುಡುಗರು ದಾಪುಗಾಲು ಹಾಕುತ್ತಾರೆ. ಮಾರ್ಗದರ್ಶಿ ಮಾತ್ರ ಬೇಕೆಂದೇ ನಿಧಾನ. ಆತನ ಸಹಾಯಕ ಸಾಲಿನ ಕಟ್ಟಕಡೆಯಲ್ಲಿ, ಹಿಂದೆ ಬಿದ್ದವರ ಜೊತೆಗೆ. ‘ಇದೇನು, ಇಷ್ಟು ನಿಧಾನವಾ?’ ಎಂದು ಗೊಣಗುವವರಿಗೆ ಕಾರಣ ಗೊತ್ತಿರುವುದಿಲ್ಲ.

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. 3,800 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ, ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ಇದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಕಾಲಾವಕಾಶ ಬೇಕು. ಸುಮಾರು 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು, ವಿಪರೀತ ಸುಸ್ತು ಕಾಣಿಸಿಕೊಂಡರೆ ಅದು ಎತ್ತರದ ಕಾಯಿಲೆ ಇರಬಹುದು. ಕಾಲೇಜಿನ ಓಟಗಾರನನ್ನೂ ಅದು ಬಿಡದು. ಮೈಕಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

‘ಏನಿಲ್ಲ’ ಎಂಬ ಮಾತು

ಮೊದಲ ರಾತ್ರಿಯ ಡೇರೆಗಳು ಸಾಮಾನ್ಯವಾಗಿ ಜೂಡಾ ಕಾ ತಾಲಾಬ್ ಎಂಬ ಕೊಳದ ಆಸುಪಾಸಿನಲ್ಲಿ, ಸುಮಾರು 2,770 ಮೀಟರ್ ಎತ್ತರದಲ್ಲಿ. ಬಿಸಿ ಊಟ ಬಂದಿದೆ. ಒಬ್ಬಳು ಮಾತ್ರ ತಟ್ಟೆ ಮುಟ್ಟಿಲ್ಲ. ‘ಏನಾಯ್ತೇ?’ ಎಂದು ಗೆಳತಿ ಕೇಳಿದರೆ ‘ಏನಿಲ್ಲ ಕಣೇ, ಬಸ್ಸಿನ ಆಯಾಸ’ ಎಂಬ ಉತ್ತರ.

ಬೆಟ್ಟದಲ್ಲಿ ಅತ್ಯಂತ ಅಪಾಯದ ಮಾತು ಈ ‘ಏನಿಲ್ಲ’. ಹೇಳಿದರೆ ಕೆಳಗೆ ಕಳಿಸಿಬಿಟ್ಟಾರು ಎಂಬ ಭಯ. ತನ್ನಿಂದ ಎಲ್ಲರ ಖುಷಿ ಹಾಳಾದೀತೆಂಬ ಸಂಕೋಚ. ಆದರೆ ಲಕ್ಷಣಗಳನ್ನು ಮುಚ್ಚಿಟ್ಟುಕೊಂಡು ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು. ಎರಡೂ ಪ್ರಾಣಾಂತಿಕ. ನಿಯಮ ಬಲು ಸರಳ: ಲಕ್ಷಣವಿದ್ದರೆ ಮೇಲೆ ಹೋಗಬಾರದು, ಹೆಚ್ಚಾದರೆ ತಡಮಾಡದೆ ಕೆಳಗಿಳಿಯಬೇಕು.

ಗೆಳೆತನಕ್ಕೆ ನಿಜವಾದ ಕೆಲಸವಿರುವುದು ಇಲ್ಲಿ. ಊಟ ಬಿಟ್ಟವರು ಯಾರು, ನಡಿಗೆಯಲ್ಲಿ ತೂರಾಡುತ್ತಿರುವವರು ಯಾರು ಎಂಬುದು ಮಾರ್ಗದರ್ಶಿಗಿಂತ ಮೊದಲು ತಿಳಿಯುವುದು ಪಕ್ಕದಲ್ಲಿರುವ ಗೆಳೆಯರಿಗೆ. ಅದನ್ನು ಮಾರ್ಗದರ್ಶಿಯ ಕಿವಿಗೆ ಹಾಕುವುದು ಚಾಡಿಯಲ್ಲ, ರಕ್ಷಣೆ.

ಹೊರಡುವ ಮುನ್ನ

ಎರಡು ತಿಂಗಳು ಮೊದಲೇ ದಿನವೂ ಬಿರುಸಿನ ನಡಿಗೆ, ಮೆಟ್ಟಿಲು ಹತ್ತುವ ಅಭ್ಯಾಸ ಇರಲಿ. ಇದು ಎತ್ತರದ ಕಾಯಿಲೆಯನ್ನು ತಡೆಯದಿದ್ದರೂ ಏರುದಾರಿಯ ದಣಿವನ್ನು ತಗ್ಗಿಸುತ್ತದೆ. ಹೊಸ ಬೂಟುಗಳನ್ನು ಊರಿನಲ್ಲೇ ಹಾಕಿ ಪಳಗಿಸಿಕೊಳ್ಳಿ. ಹತ್ತಿ ಬಟ್ಟೆ ಬೆವರಿಗೆ ತೊಯ್ದರೆ ಬೇಗ ಒಣಗದೆ ಚಳಿ ಹಿಡಿಸುತ್ತದೆ. ಬೇಗ ಒಣಗುವ ಬಟ್ಟೆ, ಮೇಲೆ ಉಣ್ಣೆ ಲೇಸು. ಉಬ್ಬಸ ಮೊದಲಾದ ತೊಂದರೆಗಳಿದ್ದರೆ ವೈದ್ಯರನ್ನು ಕಾಣಿ, ಅರ್ಜಿಯಲ್ಲಿ ಮುಚ್ಚಿಡಬೇಡಿ. ಸ್ವಂತ ಬುದ್ಧಿಯಿಂದ ಮಾತ್ರೆ ನುಂಗುವುದಂತೂ ಕೂಡದು.

ಹಣ ಕಟ್ಟುವ ಮೊದಲು ಹೆತ್ತವರು ಸಂಘಟಕರನ್ನು ಕೇಳಬೇಕಾದ ನಾಲ್ಕು ಪ್ರಶ್ನೆಗಳಿವೆ. ಮಾರ್ಗದರ್ಶಿಗೆ ಎಲ್ಲಿ ತರಬೇತಿಯಾಗಿದೆ? (ಇಂಥ ತರಬೇತಿಗೆ ಉತ್ತರಕಾಶಿಯಲ್ಲೇ 1965ರಲ್ಲಿ ಆರಂಭವಾದ ನೆಹರು ಪರ್ವತಾರೋಹಣ ಸಂಸ್ಥೆಯಿದೆ.) ರಕ್ತದ ಆಮ್ಲಜನಕ ಅಳೆಯುವ ಉಪಕರಣ, ಆಮ್ಲಜನಕದ ಸಿಲಿಂಡರ್ ಜೊತೆಯಲ್ಲಿರುತ್ತದೆಯೇ? ಒಬ್ಬರಿಗೆ ಹುಷಾರು ತಪ್ಪಿದರೆ ಅವರೊಂದಿಗೆ ಇಳಿದುಬರುವವರು ಯಾರು? ಹತ್ತಿರದ ಆಸ್ಪತ್ರೆ ಎಲ್ಲಿದೆ? ಉತ್ತರ ತಡವರಿಸಿದರೆ ಬೇರೆ ತಂಡ ಹುಡುಕುವುದೇ ಜಾಣತನ.

ಎಲ್ಲ ಸರಿಹೋದರೆ, ಕೊನೆಯ ಶಿಬಿರದಿಂದ ನಸುಕಿಗೆ ಮುನ್ನವೇ ಹೊರಟವರಿಗೆ ಶಿಖರದಲ್ಲಿ ಸೂರ್ಯೋದಯ ಕಾದಿರುತ್ತದೆ. ಮೋಡವಿಲ್ಲದ ದಿನ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು ಹೊಳೆಯುತ್ತವೆ. ಆ ನೋಟ ಎಲ್ಲರಿಗೂ ಸಿಗಲಿಕ್ಕಿಲ್ಲ. ಅರ್ಧದಾರಿಯಿಂದ ಮರಳಿದ ಮಗನಿಗೋ ಮಗಳಿಗೋ ‘ಅಷ್ಟು ದುಡ್ಡು ಕೊಟ್ಟು ಹೋಗಿ ತುದಿ ಮುಟ್ಟಲಿಲ್ಲವೇ?’ ಎಂದು ಯಾರೂ ಕೇಳದಿರಲಿ. ರೈಲು ಹತ್ತಿಸುವಾಗಲೇ ಅಪ್ಪ ಅಮ್ಮ ಒಂದು ಮಾತು ಹೇಳಿ ಕಳಿಸಲಿ: ‘ಆಗದಿದ್ದರೆ ವಾಪಸು ಬಾ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.’