ಬಾಡಿಗೆ ಏರಿಸುವ ಕಾಗದ ಬಂದರೆ: ಸಹಿಗೆ ಮೊದಲು ಲೆಕ್ಕ

ಜಪಾನಿನಲ್ಲಿ ಮನೆ ಕರಾರು ಸಾಮಾನ್ಯವಾಗಿ ಎರಡು ವರ್ಷದ್ದು. ಅದು ಮುಗಿಯುವ ಮೊದಲು ಫುದೋಸಾನ್ (ಮನೆ ಏಜೆನ್ಸಿ) ಕಡೆಯಿಂದ ಕಾಗದ ಬಂತು ಅಂದುಕೊಳ್ಳಿ: ‘80,000 ಯೆನ್ ಬಾಡಿಗೆ ಇನ್ನು ಮುಂದೆ 88,000. ಸಹಿ ಹಾಕಿ ಕಳಿಸಿ.’ ಹೆದರಿ ಅವತ್ತೇ ಸಹಿ ಹಾಕಬೇಡಿ. ಸಿಟ್ಟಿನಲ್ಲಿ ಮನೆ ಖಾಲಿ ಮಾಡಬೇಡಿ. ಬಾಡಿಗೆ ಕಟ್ಟುವುದನ್ನಂತೂ ನಿಲ್ಲಿಸಲೇಬೇಡಿ.

ಕಾನೂನು ಏನು ಹೇಳುತ್ತದೆ?

1992ರಿಂದ ಜಾರಿಯಲ್ಲಿರುವ ಜಮೀನು–ಮನೆ ಬಾಡಿಗೆ ಕಾನೂನಿನ 32ನೇ ಕಲಮು ಇದಕ್ಕೆ ಸಂಬಂಧಿಸಿದ್ದು. ತೆರಿಗೆ ಅಥವಾ ಆಸ್ತಿ ಬೆಲೆ ಏರಿ, ಇಲ್ಲವೇ ಸುತ್ತಮುತ್ತಲಿನ ಅಂಥದೇ ಮನೆಗಳಿಗೆ ಹೋಲಿಸಿದರೆ ನಿಮ್ಮ ಬಾಡಿಗೆ ತೀರಾ ಕಡಿಮೆಯಾಗಿದ್ದರೆ, ಮಾಲೀಕರು ಹೆಚ್ಚು ಕೇಳಬಹುದು. ಮಾತು ಕೂಡಿಬರದಿದ್ದರೆ ಮೊದಲು ಕೋರ್ಟಿನಲ್ಲಿ ರಾಜಿ ಮಾತುಕತೆ (ಚೋತೇ), ಆಮೇಲೆ ದಾವೆ. ತೀರ್ಪು ಬರುವ ತನಕ ನಿಮಗೆ ನ್ಯಾಯ ಅನಿಸಿದ ಮೊತ್ತ, ಅಂದರೆ ಸಾಮಾನ್ಯವಾಗಿ ಹಳೇ ಬಾಡಿಗೆ, ಕಟ್ಟುತ್ತಾ ಇರಬಹುದು. ಆದರೆ ತೀರ್ಪು ಮಾಲೀಕರ ಪರ ಆದರೆ ಬಾಕಿಯನ್ನು ವರ್ಷಕ್ಕೆ ಶೇ. 10 ಬಡ್ಡಿ ಸೇರಿಸಿ ಕೊಡಬೇಕು.

ಏರಿಕೆ ಒಪ್ಪಲಿಲ್ಲ ಅನ್ನುವುದೊಂದಕ್ಕೇ ನಿಮ್ಮನ್ನು ಬಿಡಿಸಲು ಬರುವುದಿಲ್ಲ. ನವೀಕರಣ ನಿರಾಕರಿಸಲು ಸರಿಯಾದ ಕಾರಣ ಬೇಕು ಎಂದು 28ನೇ ಕಲಮು ಹೇಳುತ್ತದೆ. ಕರಾರಿನಲ್ಲಿ ‘ತೇಕಿ ಶಕುಯಾ’ (ನಿಗದಿತ ಅವಧಿ) ಎಂದಿದ್ದರೆ ಮಾತ್ರ ಈ ರಕ್ಷಣೆ ಇಲ್ಲ. ಅದರಲ್ಲಿ ನವೀಕರಣವೇ ಇರುವುದಿಲ್ಲ. ಅದನ್ನು ಮೊದಲು ನೋಡಿಕೊಳ್ಳಿ.

ಮಾಲೀಕರ ಲೆಕ್ಕ, ನಿಮ್ಮ ಲೆಕ್ಕ

ಮಾಲೀಕರಿಗೆ ತಿಂಗಳಿಗೆ 8,000 ಯೆನ್ ಹೆಚ್ಚು ಬೇಕು. ನೀವು ಬಿಟ್ಟು ಹೋಗಿ ಮನೆ ಎರಡು ತಿಂಗಳು ಖಾಲಿ ಬಿದ್ದರೆ ಅವರಿಗೆ 1,60,000 ನಷ್ಟ. ಏರಿಕೆಯಿಂದ ಅದನ್ನು ತುಂಬಿಕೊಳ್ಳಲು 20 ತಿಂಗಳು ಬೇಕು. ರಿಪೇರಿ, ಏಜೆನ್ಸಿ ಖರ್ಚು ಬೇರೆ. ಹೊಸಬರು ಸರಿಯಾಗಿ ಕಟ್ಟುತ್ತಾರೋ ಇಲ್ಲವೋ. ಐದಾರು ವರ್ಷ ತಪ್ಪದೆ ಕಟ್ಟಿದವರನ್ನು ಕಳೆದುಕೊಳ್ಳುವುದು ಅವರಿಗೂ ದುಬಾರಿ. ಇದೇ ನಿಮ್ಮ ಬಲ.

ನಿಮಗೂ ಹೊಸ ಮನೆ ಅಂದರೆ ಡೆಪಾಸಿಟ್, ರೇಕಿನ್, ಏಜೆನ್ಸಿ ಫೀಸು, ಗ್ಯಾರಂಟಿ ಕಂಪನಿ ಫೀಸು, ಸಾಮಾನು ಸಾಗಣೆ. ಎಲ್ಲಾ ಸೇರಿ ನಾಲ್ಕು ತಿಂಗಳ ಬಾಡಿಗೆಯಷ್ಟಾದರೆ 3,20,000 ಯೆನ್. ಅದು 40 ತಿಂಗಳ ಏರಿಕೆಗೆ ಸಮ. ಹಾಗಾಗಿ 3,000ಕ್ಕೆ ರಾಜಿಯಾದರೆ ಇಬ್ಬರಿಗೂ ಲಾಭವೇ.

ಏನು ಮಾಡಬೇಕು?

1. ಏರಿಕೆಗೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

2. ಅದೇ ಸ್ಟೇಷನ್ ಸುತ್ತ ಅಷ್ಟೇ ಹಳೆಯ, ಅಷ್ಟೇ ದೊಡ್ಡ ಮನೆಗಳ ಬಾಡಿಗೆ ನೋಡಿ ಬರೆದಿಟ್ಟುಕೊಳ್ಳಿ.

3. ಎಷ್ಟು ವರ್ಷದಿಂದ ಇದ್ದೀರಿ, ಬಾಡಿಗೆ ತಡ ಮಾಡಿಲ್ಲ ಅನ್ನುವುದನ್ನು ಹೇಳಿ, ನಿಮಗೆ ಆಗುವ ಮೊತ್ತ ತಿಳಿಸಿ ಉತ್ತರ ಬರೆಯಿರಿ. ಪ್ರತಿ ಇಟ್ಟುಕೊಳ್ಳಿ.

4. ಒಪ್ಪಂದ ಆಗುವ ತನಕ ಹಳೇ ಬಾಡಿಗೆಯನ್ನು ಅದೇ ತಾರೀಖಿಗೆ ಕಟ್ಟಿ. ಸುಮ್ಮನೆ ಹೊಸ ಮೊತ್ತ ಕಟ್ಟಿದರೆ ಒಪ್ಪಿದಂತೆ ಆಗಬಹುದು. ಮಾಲೀಕರು ಹಣ ಬೇಡ ಅಂದರೆ ಹೋಮುಕ್ಯೋಕು (ಸರ್ಕಾರಿ ಕಾನೂನು ವ್ಯವಹಾರ ಕಚೇರಿ) ಯಲ್ಲಿ ಠೇವಣಿ ಇಡಬಹುದು. ಅದನ್ನು ‘ಕ್ಯೋತಾಕು’ ಅನ್ನುತ್ತಾರೆ.

5. ಗೊತ್ತಾಗದಿದ್ದರೆ ಹೋತೆರಾಸು ಎಂಬ ಕಾನೂನು ನೆರವು ಕೇಂದ್ರದ ಬಹುಭಾಷಾ ಫೋನಿಗೆ ಕರೆ ಮಾಡಿ: 0570-078377. ಇಂಗ್ಲಿಷಿನಲ್ಲಿ ಮಾತಾಡಬಹುದು.

ಕರಾರು ಕಂಪನಿ ಹೆಸರಿನಲ್ಲಿದ್ದರೆ ಮಾತುಕತೆ ಕಂಪನಿಗೂ ಮಾಲೀಕರಿಗೂ ಸೇರಿದ್ದು. ಕಾಗದ ಬಂದ ಕೂಡಲೇ ಆಫೀಸಿಗೆ ತೋರಿಸಿ. ನೀವಾಗಿಯೇ ಸಹಿ ಹಾಕಬೇಡಿ.