ಕಂಟ್ರೋಲಿನಿಂದ ಕಮಾಂಡಿಗೆ

ಪ್ರಶ್ನೆ: ವಿಂಡೋಸ್‌ನಲ್ಲಿ ರೂಢಿಯಾದ ಕೀಬೋರ್ಡ್ ಶಾರ್ಟ್‌ಕಟ್‌ಗಳಿಗೆ ಮ್ಯಾಕ್‌ನಲ್ಲಿ ಸಮಾನವಾದವನ್ನು ಕಂಡುಕೊಳ್ಳುವುದು ಹೇಗೆ?

ಉತ್ತರ: ವಿಂಡೋಸ್‌ನಲ್ಲಿ ಕಂಟ್ರೋಲ್ ಕೀಲಿಯು ನಿರ್ವಹಿಸುವ ಕಾರ್ಯಭಾರವನ್ನು ಮ್ಯಾಕ್‌ನಲ್ಲಿ ಬಹುಮಟ್ಟಿಗೆ ಕಮಾಂಡ್ ಕೀಲಿಯು ನಿರ್ವಹಿಸುವುದೆಂಬುದನ್ನು ಮನಗಂಡರೆ, ಕಾಪಿಗೆ ಸಿ, ಕಟ್‌ಗೆ ಎಕ್ಸ್, ಪೇಸ್ಟ್‌ಗೆ ವಿ, ಮಾಡಿದುದನ್ನು ರದ್ದುಗೊಳಿಸಲು ಝಡ್ ಎಂಬ ಅಕ್ಷರಗಳು ಉಭಯತ್ರ ಸಮಾನವಾಗಿರುವುದರಿಂದ, ಶ್ರಮದ ಬಹುಭಾಗವು ಅಲ್ಲಿಯೇ ಪರಿಹಾರವಾಗುವುದು. ಈ ಸಾಮ್ಯವು ಆಕಸ್ಮಿಕವಲ್ಲ. 1983ರ ಆಪಲ್ ಲೀಸಾ ಗಣಕದಲ್ಲಿಯೇ ಈ ನಾಲ್ಕು ಅಕ್ಷರಗಳು ಇವೇ ಕಾರ್ಯಗಳಿಗೆ ನಿಯುಕ್ತವಾಗಿದ್ದು, ವಿಂಡೋಸ್ ಅವನ್ನು ತರುವಾಯ ಸ್ವೀಕರಿಸಿತು. ಆದರೆ ಕಂಟ್ರೋಲ್ ಕೀಲಿಯು ಅದಕ್ಕಿಂತಲೂ ಪ್ರಾಚೀನವಾದುದು; ಆಜ್ಞೆಗಳನ್ನು ಟೈಪ್ ಮಾಡಿ ನೀಡುವ ಟರ್ಮಿನಲ್‌ನಲ್ಲಿ ಕಂಟ್ರೋಲ್-ಸಿ ಎಂದರೆ ನಡೆಯುತ್ತಿರುವ ಪ್ರೋಗ್ರಾಮನ್ನು ತಡೆಯುವ ಆಜ್ಞೆ. ಲಿನಕ್ಸ್ ಟರ್ಮಿನಲ್‌ಗಳಲ್ಲಿ ಕಾಪಿ ಮಾಡಲು ಸಾಮಾನ್ಯವಾಗಿ ಶಿಫ್ಟನ್ನೂ ಕೂಡಿಸಿ ಒತ್ತಬೇಕಾಗಿರುವುದು ಈ ಕಾರಣದಿಂದಲೇ. ಮ್ಯಾಕ್‌ನಲ್ಲಾದರೋ ಕಮಾಂಡ್ ಪ್ರತ್ಯೇಕ ಕೀಲಿಯಾದುದರಿಂದ ಆ ಘರ್ಷಣೆಯೇ ಇಲ್ಲ, ಮತ್ತು ಈ ಒಂದು ವಿಷಯದಲ್ಲಿ ಮ್ಯಾಕ್‌ನ ಏರ್ಪಾಡೇ ಹೆಚ್ಚು ವಿವೇಕಯುತವೆಂಬುದು ನನ್ನ ದೃಢವಾದ ಅಭಿಪ್ರಾಯ.

ನಿಜವಾದ ತೊಡಕು ಬರೆಹಗಾರರಿಗೆ ಒದಗುವುದು ಕರ್ಸರಿನ ಚಲನೆಯಲ್ಲಿ. ಪದದಿಂದ ಪದಕ್ಕೆ ಸಾಗಲು ಕಂಟ್ರೋಲಿಗೆ ಬದಲಾಗಿ ಆಪ್ಷನ್ ಕೀಲಿಯೊಡನೆ ಬಾಣವನ್ನೂ, ಸಾಲಿನ ಆದ್ಯಂತಗಳಿಗೆ ಹೋಮ್, ಎಂಡ್‌ಗಳಿಗೆ ಬದಲಾಗಿ ಕಮಾಂಡಿನೊಡನೆ ಎಡಬಲದ ಬಾಣಗಳನ್ನೂ ಒತ್ತತಕ್ಕದ್ದು. ಆಲ್ಟ್-ಎಫ್4ರ ಸ್ಥಾನದಲ್ಲಿ ಕಮಾಂಡ್-ಕ್ಯೂ ಇದೆ; ಕಿಟಕಿಯೊಂದನ್ನು ಮಾತ್ರ ಮುಚ್ಚಲು ಕಮಾಂಡ್-ಡಬ್ಲ್ಯು. ಉಳಿದವುಗಳಿಗಾಗಿ ಉದ್ದನೆಯ ಪಟ್ಟಿಗಳನ್ನು ಕಂಠಪಾಠ ಮಾಡಹೋಗದಿರಿ. ಪರದೆಯ ಮೇಲ್ಭಾಗದ ಮೆನುವನ್ನು ತೆರೆದರೆ ಬಹುತೇಕ ಆಜ್ಞೆಗಳ ಪಕ್ಕದಲ್ಲಿ ಅವುಗಳ ಕೀಲಿಗಳು ಮುದ್ರಿತವಾಗಿರುತ್ತವೆ, ದಯಮಾಡಿ ಅಲ್ಲಿಂದಲೇ ಕಲಿಯಿರಿ.