ರೇಡಿಯೋದಲ್ಲಿ ಬಂತೇ?

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ, ಮನೆಗೊಂದಲ್ಲ, ಬೀದಿಗೊಂದು ರೇಡಿಯೋ ಇದ್ದ ಕಾಲದಲ್ಲಿ, ದೊಡ್ಡವರೊಬ್ಬರು ತೀರಿಕೊಂಡರೆಂದೋ ಗಡಿಯಲ್ಲಿ ಯುದ್ಧ ನಿಂತಿತೆಂದೋ ಒಂದು ಮಾತು ಸಂತೆಯಿಂದ ಹೊರಟು, ಬಸ್ಸು ಹತ್ತಿ, ಕೊನೆಗೆ ಜಗಲಿಗೆ ಬಂದು ಮುಟ್ಟಿದರೆ, ಹಿರಿಯರು ಹೌದೆನ್ನದೆ ಅಲ್ಲವೆನ್ನದೆ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ರೇಡಿಯೋದಲ್ಲಿ ಬಂತೇ?” ಬಂದಿದ್ದರೆ ಅದು ನಡೆದ ಸಂಗತಿ, ಬಾರದಿದ್ದರೆ ಗಾಳಿಮಾತು. ಕೆಲವು ವರ್ಷಗಳು ಕಳೆದ ತರುವಾಯ ಅದೇ ಜಗಲಿಗಳ ಮೇಲೆ ಅದೇ ಬಗೆಯ ಹಿರಿಯರು ಅಂಥದೇ ಸುದ್ದಿಯನ್ನು ಕೇಳಿದಾಗ ಪ್ರಶ್ನೆ ಬದಲಾಗಿತ್ತು: “ಬಿಬಿಸಿಯಲ್ಲಿ ಬಂತೇ?” ಈ ಎರಡು ಪ್ರಶ್ನೆಗಳ ನಡುವಣ ಕಾಲದಲ್ಲಿ ಒಂದು ರಾಷ್ಟ್ರದ ನಂಬಿಕೆಯು ಮನೆಯೊಳಗಿನ ದನಿಯನ್ನು ಬಿಟ್ಟು ಕಡಲಾಚೆಯ ದನಿಯನ್ನು ಆಶ್ರಯಿಸಿತಲ್ಲ, ಅದು ಹೇಗೆ ಸಂಭವಿಸಿತೆಂಬುದನ್ನು ಅರಿಯದೆ, ಇಂದು ಸರ್ಕಾರದ ಹಣದಿಂದ ನಡೆಯುವ ಸುದ್ದಿಯ ಜಾಲತಾಣಗಳನ್ನು ಕುರಿತು ಜನರಲ್ಲಿ ನೆಲೆಸಿರುವ ಸಂಶಯದ ಮೂಲವನ್ನು ಅರಿಯುವುದು ಶಕ್ಯವಿಲ್ಲವೆಂದು ನನ್ನ ಎಣಿಕೆ.

ಈ ಕಥೆಯ ಆರಂಭದಲ್ಲಿ ಸರ್ಕಾರವೇ ಇರಲಿಲ್ಲವೆಂಬುದು ಕನ್ನಡಿಗರು ನೆನಪಿಡಬೇಕಾದ ವಿಷಯ. 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು, ಒಂಟಿಕೊಪ್ಪಲಿನ ‘ವಿಠಲ ವಿಹಾರ’ವೆಂಬ ತಮ್ಮ ಸ್ವಂತ ಮನೆಯಲ್ಲಿ, ಕೆಲವೇ ಹತ್ತು ವಾಟ್‌ಗಳ ಶಕ್ತಿಯ ಒಂದು ಸಣ್ಣ ಯಂತ್ರವನ್ನಿಟ್ಟುಕೊಂಡು, ಸಂಗೀತವನ್ನೂ ಭಾಷಣಗಳನ್ನೂ ಊರವರ ಕಿವಿಗೆ ತಲುಪಿಸಲು ತೊಡಗಿದರು. ಕೈಯಿಂದಲೇ ಹಣ ಹಾಕಿ ನಡೆಸಿದ ಆ ನಿಲಯಕ್ಕೆ ‘ಆಕಾಶವಾಣಿ’ಯೆಂಬ ಹೆಸರು ಬಂದಿತು, ಆ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿ. ಪುರಾಣಗಳಲ್ಲಿ ಅಶರೀರವಾಣಿಯು ಯಾರ ಮುಲಾಜಿಗೂ ಒಳಗಾಗದೆ, ಕಂಸನಂಥ ರಾಜನ ಎದುರಿಗೇ ಅವನಿಗೆ ಅಪ್ರಿಯವಾದ ಸತ್ಯವನ್ನು ನುಡಿಯುವ ದನಿಯಷ್ಟೆ! ಅಂಥ ಹೆಸರನ್ನು ಒಂದು ಖಾಸಗಿ ಮನೆಯಿಂದ ಹೊರಟ ಕ್ಷೀಣಧ್ವನಿಗೆ ಇಟ್ಟವರ ಮನಸ್ಸಿನ ಔನ್ನತ್ಯವನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಮುಂದೆ 1940ರ ದಶಕದ ಆದಿಯಲ್ಲಿ ಮೈಸೂರು ಸಂಸ್ಥಾನವು ಆ ನಿಲಯವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ, 1950ರಲ್ಲಿ, ಅದು ಆಲ್ ಇಂಡಿಯಾ ರೇಡಿಯೋದಲ್ಲಿ ಲೀನವಾಯಿತು. ಅನಂತರ ಆ ದಶಕದಲ್ಲಿಯೇ, ಮನೆಯಳಿಯನ ಹೆಸರು ಮನೆತನಕ್ಕೇ ಬಂದಂತೆ, ಮೈಸೂರಿನ ಆ ಪದವು ಅಖಿಲ ಭಾರತದ ಸಂಸ್ಥೆಯ ನಾಮಧೇಯವಾಯಿತು.

ಆಲ್ ಇಂಡಿಯಾ ರೇಡಿಯೋದ ಹುಟ್ಟಾದರೂ ಬೇರೆ ತೆರನಾದುದು. 1927ರ ಜುಲೈ 23ರಂದು ಮುಂಬಯಿಯಲ್ಲಿ ಪ್ರಸಾರವನ್ನಾರಂಭಿಸಿದ ಖಾಸಗಿ ಕಂಪನಿಯೊಂದು ಮೂರು ವರ್ಷ ತುಂಬುವ ಮೊದಲೇ ದಿವಾಳಿಯಾಗಲು, 1930ರಲ್ಲಿ ವಸಾಹತು ಸರ್ಕಾರವೇ ಅದನ್ನು ಕೈಗೆ ತೆಗೆದುಕೊಂಡಿತು. ಬಿಬಿಸಿಯಿಂದ ಬಂದ ಲಯೊನೆಲ್ ಫೀಲ್ಡನ್ ಎಂಬಾತನ ಮೇಲ್ವಿಚಾರಣೆಯಲ್ಲಿ 1936ರ ಜೂನ್ 8ರಂದು ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು. ಅಂದಿನ ಸರ್ಕಾರಿ ವಾರ್ತೆಯ ಬಗೆಗೆ ಜನರು ತಳೆದಿದ್ದ ಭಾವವೇನೆಂಬುದು 1942ರಲ್ಲಿ ಪ್ರಕಟವಾಯಿತು: ಕ್ವಿಟ್ ಇಂಡಿಯಾ ಚಳವಳಿಯ ಮುಖ್ಯ ನಾಯಕರು ಸೆರೆಮನೆ ಸೇರಿರಲು, ಉಷಾ ಮೆಹತಾ ಮತ್ತು ಸಂಗಡಿಗರು ಮುಂಬಯಿಯಲ್ಲಿ ಒಂದು ಅಡಗುತಾಣದಿಂದ ಇನ್ನೊಂದಕ್ಕೆ ಯಂತ್ರವನ್ನು ಹೊತ್ತು ತಿರುಗುತ್ತ, ಆಗಸ್ಟಿನಿಂದ ನವೆಂಬರಿನಲ್ಲಿ ಪೊಲೀಸರ ಕೈಗೆ ಸಿಕ್ಕುವವರೆಗೆ, ಕಾಂಗ್ರೆಸ್ ರೇಡಿಯೋವನ್ನು ನಡೆಸಿದರು. ಸರ್ಕಾರದ ದನಿಗೆ ಎದುರಾಗಿ ಇನ್ನೊಂದು ದನಿಯನ್ನು ಗುಟ್ಟಾಗಿ ಹುಡುಕುವ ಅಭ್ಯಾಸವನ್ನು, ಹೀಗೆ, ಸ್ವಾತಂತ್ರ್ಯದ ಹೋರಾಟವೇ ನಮಗೆ ಕಲಿಸಿತು.

ಸ್ವಾತಂತ್ರ್ಯ ಬಂದೊಡನೆ ಈ ದನಿ ನಮ್ಮದಾಯಿತೆಂಬ ಭಾವನೆಯಿಂದ ಜನರು ಅದನ್ನು ಮನಸಾರೆ ನಂಬಿದರು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಪ್ರಧಾನಿ ನೆಹರೂ ಅವರು, ಪ್ರಸಾರಸಂಸ್ಥೆಯು ಬಿಬಿಸಿಯ ಮಾದರಿಯಲ್ಲಿ ಸ್ವಾಯತ್ತವಾಗಿರಬೇಕೆಂಬುದು ತಮ್ಮ ಅಪೇಕ್ಷೆಯೆಂದೂ, ಆದರೆ ಅದಕ್ಕೆ ಸದ್ಯಕ್ಕೆ ಕಾಲ ಒದಗಿಲ್ಲವೆಂದೂ ತಿಳಿಸಿದರು. ಆ ‘ಸದ್ಯ’ವು ಅರ್ಧ ಶತಮಾನದಷ್ಟು ದೀರ್ಘವಾಗಬಹುದೆಂದು ಅಂದು ಕೇಳಿದವರಾರೂ ಎಣಿಸಿರಲಾರರು. 1964ರಲ್ಲಿ ನೇಮಕವಾದ ಚಂದಾ ಸಮಿತಿಯು 1966ರಲ್ಲಿ, ರೇಡಿಯೋವನ್ನು ಇಲಾಖೆಯ ಅಂಕೆಯಿಂದ ಬಿಡಿಸಿ ನಿಗಮವನ್ನಾಗಿ ಮಾಡಬೇಕೆಂದು ಹೇಳಿತು. ಅದೂ ಕಡತದೊಳಗೆ ಉಳಿಯಿತು.

ಹಣದ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆಕಚೇರಿಗೆ ಹೋಗಿ, ಲೈಸೆನ್ಸ್ ಪುಸ್ತಕವನ್ನು ಮುಂದಿಟ್ಟು, ಶುಲ್ಕ ಕಟ್ಟಿ, ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದರು. ಇಂಗ್ಲೆಂಡಿನ ಮನೆಗಳವರೂ ಹಾಗೆಯೇ ಕಟ್ಟುತ್ತಿದ್ದರು. ಎರಡೂ ಕಡೆ ಹಣ ಜನರದೇ. ಆದರೆ 1927ರ ರಾಜಸನ್ನದಿನಿಂದ ಬಿಬಿಸಿಯು ಪ್ರತ್ಯೇಕ ಸಂಸ್ಥೆಯಾಗಿದ್ದರೆ, ನಮ್ಮಲ್ಲಿ ಸುದ್ದಿಯ ಸಂಪಾದಕನು ಸರ್ಕಾರದ ನೌಕರನಾಗಿದ್ದನು. ಅವನ ಬಡ್ತಿಯೂ ವರ್ಗಾವಣೆಯೂ ಮಂತ್ರಾಲಯದ ಕೈಯಲ್ಲಿದ್ದುವು. ಬಿಬಿಸಿಯು ನಿಷ್ಕಳಂಕವಾಗಿತ್ತೆಂದು ನಾನು ಹೇಳಲಾರೆ: 1926ರ ಸಾರ್ವತ್ರಿಕ ಮುಷ್ಕರದಲ್ಲಿ, ಅದನ್ನು ಸರ್ಕಾರವೇ ವಶಪಡಿಸಿಕೊಳ್ಳಬೇಕೆಂದು ಚರ್ಚಿಲ್ ಹಟ ಹಿಡಿದಿದ್ದಾಗ, ಸಂಸ್ಥೆಯನ್ನುಳಿಸಿಕೊಳ್ಳುವ ಯತ್ನದಲ್ಲಿ ಅದರ ಮುಖ್ಯಸ್ಥ ಜಾನ್ ರೀತ್ ವಿರೋಧಪಕ್ಷದ ನಾಯಕನಿಗೆ ಮಾತನಾಡಲು ಅವಕಾಶ ಕೊಡಲಿಲ್ಲ. ಆದರೆ 1956ರ ಸೂಯೆಜ್ ಸಂಕಟದಲ್ಲಿ, ಪ್ರಧಾನಿ ಈಡನ್ನರ ಸರ್ಕಾರವು ಮುನಿದು ವಿದೇಶ ಪ್ರಸಾರದ ಅನುದಾನವನ್ನೇ ಕಡಿತಗೊಳಿಸುವ ಮಾತನ್ನಾಡುತ್ತಿದ್ದಾಗಲೂ, ಯುದ್ಧವನ್ನು ಖಂಡಿಸಿದ ವಿರೋಧಪಕ್ಷದ ನಾಯಕ ಗೇಟ್‌ಸ್ಕೆಲ್ಲರ ಭಾಷಣವನ್ನು ಅದು ಪ್ರಸಾರ ಮಾಡಿತು. ನಂಬುಗೆಯೆಂಬುದು ಇಂಥ ಒಂದೊಂದು ದಿನದಲ್ಲಿ, ಒಡೆಯನಿಗೆ ಪ್ರಿಯವಲ್ಲದ ಒಂದೊಂದು ಮಾತಿನಿಂದ, ಸ್ವಲ್ಪ ಸ್ವಲ್ಪವೇ ಕೂಡಿ ಬರುವ ಗಂಟು.

ನಮ್ಮಲ್ಲಿ ಆ ಗಂಟು ಕರಗಿದ್ದು 1975ರಲ್ಲಿ. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳ ಸಹಿಯಾಯಿತು. ದೆಹಲಿಯ ಬಹಾದುರ್ ಶಾ ಜಫರ್ ಮಾರ್ಗದಲ್ಲಿದ್ದ ಪತ್ರಿಕಾಲಯಗಳಿಗೆ ವಿದ್ಯುತ್ತು ನಿಂತಿತು. ಮರುದಿನ ಬೆಳಗ್ಗೆ, ಮುದ್ರಣಯಂತ್ರಗಳು ಮೂಕವಾಗಿದ್ದಾಗ, ಪ್ರಧಾನಿ ಇಂದಿರಾ ಗಾಂಧಿಯವರ ದನಿ ಆಕಾಶವಾಣಿಯಿಂದ ಕೇಳಿಬಂದಿತು. ಕೆಲವೇ ದಿನಗಳಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವ ಐ. ಕೆ. ಗುಜ್ರಾಲರ ಸ್ಥಾನಕ್ಕೆ ವಿ. ಸಿ. ಶುಕ್ಲಾ ಬಂದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಕುಳಿತಿತು. 1976ರಲ್ಲಿ ಪಿಟಿಐ, ಯುಎನ್‌ಐ, ಹಿಂದೂಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ಎಂಬ ನಾಲ್ಕು ಸುದ್ದಿಸಂಸ್ಥೆಗಳನ್ನು ಬೆಸೆದು ‘ಸಮಾಚಾರ್’ ಎಂಬ ಒಂದೇ ಸಂಸ್ಥೆಯನ್ನು ಕಟ್ಟಲಾಯಿತು. ನಾಲ್ಕು ಬಾಯಿಗಳಿದ್ದಲ್ಲಿ ಒಂದೇ ಬಾಯಿ. ಅದೇ ವರ್ಷ, ಸರ್ಕಾರದ ಪ್ರಚಾರಕಾರ್ಯಕ್ಕೆ ಸಹಕರಿಸದ ಗಾಯಕ ಕಿಶೋರ್ ಕುಮಾರರ ಹಾಡುಗಳೂ ಆಕಾಶವಾಣಿಯಿಂದ ಮಾಯವಾದುವು. 1977ರ ಫೆಬ್ರವರಿಯಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣರ ಸಭೆ ನೆರೆದ ಭಾನುವಾರ, ಜನರನ್ನು ಮನೆಯಲ್ಲಿಯೇ ಕೂಡಿಸುವ ಹವಣಿಕೆಯಿಂದ, ದೂರದರ್ಶನದಲ್ಲಿ ‘ಬಾಬಿ’ ಚಿತ್ರವನ್ನು ತೋರಿಸಲಾಯಿತು. ಜನರು ಮೈದಾನಕ್ಕೇ ಹೋದರು. ಆಲ್ ಇಂಡಿಯಾ ರೇಡಿಯೋವನ್ನು ‘ಆಲ್ ಇಂದಿರಾ ರೇಡಿಯೋ’ ಎಂದು ಕರೆಯುವ ವಾಡಿಕೆ ಅಂದು ದೇಶದ ಉದ್ದಗಲಕ್ಕೂ ಹರಡಿತು.

ಆಗಲೇ ಜನರು ರಾತ್ರಿಯ ಹೊತ್ತು ಕದವಿಕ್ಕಿಕೊಂಡು, ಶಾರ್ಟ್‌ವೇವಿನ ಮುಳ್ಳನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ, ಗೊರಗೊರ ಸದ್ದಿನ ನಡುವೆ ಬಿಬಿಸಿಯನ್ನು ಅರಸತೊಡಗಿದುದು. ಆ ಸಂಸ್ಥೆಯ ದೆಹಲಿ ಪ್ರತಿನಿಧಿ ಮಾರ್ಕ್ ಟಲ್ಲಿ ದೇಶ ಬಿಟ್ಟು ಹೋಗಬೇಕಾಗಿ ಬಂದುದು ಆ ದನಿಯ ಗೌರವವನ್ನು ಹೆಚ್ಚಿಸಿತೇ ಹೊರತು ಕುಂದಿಸಲಿಲ್ಲ. ಇಲ್ಲಿ ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕೆಂದು ಬೇಡುತ್ತೇನೆ. ನಮ್ಮ ಜನ ಪ್ರಾಣದಂತೆ ನೆಚ್ಚಿ ಕೇಳಿದ ಆ ಬಿಬಿಸಿಯ ವಿದೇಶ ಪ್ರಸಾರಕ್ಕೆ ಹಣ ಬರುತ್ತಿದ್ದುದು ಇಂಗ್ಲೆಂಡಿನ ಮನೆಮನೆಯ ಲೈಸೆನ್ಸಿನಿಂದಲೂ ಅಲ್ಲ. 2014ರವರೆಗೂ ಅದನ್ನು ಸಾಕಿದುದು ಬ್ರಿಟನ್ನಿನ ವಿದೇಶಾಂಗ ಇಲಾಖೆಯ ಅನುದಾನ. ಎಂದರೆ, ಒಂದು ಸರ್ಕಾರದ ಹಣದ ದನಿಯನ್ನು ತೊರೆದು ನಾವು ಮೊರೆಹೊಕ್ಕುದು ಇನ್ನೊಂದು ಸರ್ಕಾರದ ಹಣದ ದನಿಯನ್ನೇ! ಜನರು ಅವಿವೇಕಿಗಳಾಗಿದ್ದರೇ? ಖಂಡಿತ ಅಲ್ಲ. ಅವರು ಪರೀಕ್ಷಿಸಿದುದು ಹಣದ ಥೈಲಿಯನ್ನಲ್ಲ. ಬಂದ ಸುದ್ದಿಯನ್ನು ತಡೆಹಿಡಿಯಬಲ್ಲ ಕೈ ಯಾರದು, ತಡೆಯಬಾರದೆಂದವನನ್ನು ಕುರ್ಚಿಯಿಂದ ಎಬ್ಬಿಸಬಲ್ಲ ಕೈ ಯಾರದು ಎಂಬುದನ್ನು. ಆಕಾಶವಾಣಿಯ ವಾರ್ತೆಯನ್ನು ಸಂಶಯಿಸಿದ ರೈತನೇ ಅದರ ಪೇಟೆ ಧಾರಣೆಯನ್ನು ನಂಬಿ ಕೊಬ್ಬರಿಯನ್ನು ಗಾಡಿಗೇರಿಸುತ್ತಿದ್ದನು. ಕರಾವಳಿಯ ಬೆಸ್ತನು ಅದರ ಹವಾಮಾನದ ಎಚ್ಚರಿಕೆಯನ್ನು ಕೇಳಿ ದೋಣಿಯನ್ನು ದಡಕ್ಕೆಳೆಯುತ್ತಿದ್ದನು. ಆ ಮಾತುಗಳನ್ನು ತಿರುಚುವುದರಿಂದ ಅಧಿಕಾರದಲ್ಲಿದ್ದವರಿಗೆ ಯಾವ ಲಾಭವೂ ಇಲ್ಲವೆಂಬುದು ಅವರಿಗೆ ಗೊತ್ತಿತ್ತು.

ಈ ಕಥೆಯ ಮುಂದಿನ ಅಧ್ಯಾಯಕ್ಕೆ ಬೆಂಗಳೂರಿನ ನಂಟುಂಟು. 1975ರ ಜೂನ್ 26ರಂದು, ಸಂಸತ್ತಿನ ಸಮಿತಿಯೊಂದರ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ, ಇಂದು ಫ್ರೀಡಂ ಪಾರ್ಕ್ ಎನಿಸಿಕೊಂಡಿರುವ ಅಂದಿನ ಸೆಂಟ್ರಲ್ ಜೈಲಿನಲ್ಲಿ ಇಡಲಾಯಿತು. ಆ ಗೋಡೆಗಳೊಳಗೆ ಸೆರೆಯ ಬಹುಕಾಲವನ್ನು ಕಳೆದ ಆಡ್ವಾಣಿಯವರೇ 1977ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು. ತುರ್ತುಕಾಲದಲ್ಲಿ ಮಾಧ್ಯಮಗಳ ದುರುಪಯೋಗವಾದ ಬಗೆಯನ್ನು ವಿವರಿಸುವ ಶ್ವೇತಪತ್ರ ಆ ಆಗಸ್ಟಿನಲ್ಲಿ ಹೊರಬಂದಿತು, 1978ರಲ್ಲಿ ‘ಸಮಾಚಾರ್’ ಮತ್ತೆ ನಾಲ್ಕಾಗಿ ಬಿಡಿಸಿಕೊಂಡಿತು, ಪತ್ರಕರ್ತ ಬಿ. ಜಿ. ವರ್ಗೀಸರ ನೇತೃತ್ವದ ಕಾರ್ಯಸಮಿತಿಯು, ‘ಆಕಾಶ ಭಾರತಿ’ಯೆಂಬ ಸ್ವತಂತ್ರ ನ್ಯಾಸವೊಂದನ್ನು ಸ್ಥಾಪಿಸಿ ಸಂವಿಧಾನದಿಂದಲೇ ಅದಕ್ಕೆ ರಕ್ಷಣೆ ಕೊಡಬೇಕೆಂದು ಅದೇ ವರ್ಷದ ಫೆಬ್ರವರಿಯಲ್ಲಿ ವರದಿಯನ್ನೊಪ್ಪಿಸಿತು. ಅಷ್ಟರಲ್ಲಿ ಅಧಿಕಾರದ ರುಚಿ ಹೊಸಬರಿಗೂ ಹತ್ತಿತ್ತೆಂದು ಕಾಣುತ್ತದೆ. 1979ರ ಮಸೂದೆಯಲ್ಲಿ ಸಂವಿಧಾನದ ರಕ್ಷಣೆ ಮಾಯವಾಗಿತ್ತು. ಆ ಸೊರಗಿದ ಮಸೂದೆಯೂ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ಸೆರೆಯಲ್ಲಿದ್ದು ಬಂದವರ ಕೈಯಲ್ಲಿಯೂ ಈ ಕಾರ್ಯ ಕೈಗೂಡಲಿಲ್ಲವೆಂಬುದು ಈ ಇತಿಹಾಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ ಸಂಗತಿ.

1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರು ಗುಂಡಿಗೆ ಬಲಿಯಾದ ವಾರ್ತೆಯನ್ನು ಬಿಬಿಸಿಯು ಹಗಲಿನಲ್ಲಿಯೇ ಹೇಳಿತು. ಆಕಾಶವಾಣಿಯು ಸಾವಿನ ವಾರ್ತೆಯನ್ನು ಸಂಜೆಯವರೆಗೂ ಹೇಳಲಿಲ್ಲ. ಅವರ ಮಗ ರಾಜೀವ ಗಾಂಧಿಯವರೇ ಪಶ್ಚಿಮ ಬಂಗಾಳದ ಪ್ರವಾಸದಲ್ಲಿ ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದು ಬಿಬಿಸಿಯನ್ನು ಕೇಳಿದರು. ತಾಯಿಯ ಸಾವಿನ ಸುದ್ದಿಯನ್ನು ತಿಳಿಯಲು ಮಗನೇ ಪರದೇಶದ ರೇಡಿಯೋವನ್ನು ಆಶ್ರಯಿಸಬೇಕಾಗಿ ಬಂದ ಆ ದಿನದ ಅನಂತರ ಜಗಲಿಯ ಹಿರಿಯರನ್ನು ಆಕ್ಷೇಪಿಸುವವರಾರು?

ಅನಂತರದ ವೃತ್ತಾಂತ ನಿಧಾನಗತಿಯದು. ಪ್ರಸಾರ ಭಾರತಿ ಅಧಿನಿಯಮವು 1990ರಲ್ಲಿ ಅಂಗೀಕೃತವಾಗಿ ಏಳು ವರ್ಷ ಕಪಾಟಿನಲ್ಲಿ ಮಲಗಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. 1997ರ ನವೆಂಬರ್ 23ರಂದು ಪ್ರಸಾರ ಭಾರತಿಯು ಅಸ್ತಿತ್ವಕ್ಕೆ ಬಂದಿತು. ಹೆಸರಿಗೆ ಸ್ವಾಯತ್ತ. ಆದರೆ ನೌಕರರ ಸಂಬಳ ಕೇಂದ್ರದ ಅನುದಾನದಿಂದ; ನಿಯಮಗಳನ್ನು ರಚಿಸುವ ಅಧಿಕಾರ ಕೇಂದ್ರದ್ದು; ನಿರ್ದೇಶನ ನೀಡುವ ಅಧಿಕಾರವೂ ಅದೇ ಅಧಿನಿಯಮದ 23ನೆಯ ಪರಿಚ್ಛೇದದಲ್ಲಿ ಭದ್ರವಾಗಿದೆ. ಚಂದಾಹಣವೂ ಒಂದು ಚಾವಟಿಯಾಗಬಲ್ಲುದೆಂಬುದು 2020ರಲ್ಲಿ ಕಂಡುಬಂದಿತು: ಪಿಟಿಐ ಸಂಸ್ಥೆಯು ಚೀನಾದ ರಾಯಭಾರಿಯ ಸಂದರ್ಶನವನ್ನು ಪ್ರಕಟಿಸಿದ ಮೇಲೆ, ಅದರೊಡನೆ ಸಂಬಂಧವನ್ನು ಪುನರ್ವಿಮರ್ಶಿಸುವುದಾಗಿ ಪ್ರಸಾರ ಭಾರತಿಯಿಂದ ಪತ್ರ ಹೋಯಿತು, ಅದೇ ವರ್ಷ ಚಂದಾ ನಿಂತಿತು. ಖಾಸಗಿ ಪತ್ರಿಕೆಗಳಾದರೂ ಈ ನೆರಳಿನಿಂದ ಹೊರಗಿಲ್ಲ. ಕೇಂದ್ರದ ಮತ್ತು ರಾಜ್ಯಗಳ ಜಾಹೀರಾತಿನ ಹಣವಿಲ್ಲದೆ ತಿಂಗಳು ನೂಕಲಾರದ ಪತ್ರಿಕೆಗಳು ನಮ್ಮ ಜಿಲ್ಲೆಗಳಲ್ಲಿ ಅನೇಕ. ಬರಹದ ಒಂದು ಸಾಲು ಜಾಹೀರಾತಿನ ಅರ್ಧ ಪುಟವನ್ನು ಕಳೆಯಬಹುದೆಂಬ ಅಳುಕು ಸಂಪಾದಕನ ಲೇಖನಿಯ ಮೇಲೆ ಸದಾ ಕುಳಿತಿರುತ್ತದೆ.

ಈಗ ಆ ವಾರ್ತೆಗಳೆಲ್ಲ ಜಾಲತಾಣಗಳಿಗೆ ಏರಿ ಅಂಗೈಗೆ ಬಂದಿವೆ. 2019ರಲ್ಲಿ ಕೇಂದ್ರದ ಪತ್ರಿಕಾ ವಾರ್ತಾ ಕಚೇರಿಯು ಸುಳ್ಳುಸುದ್ದಿಗಳನ್ನು ಗುರುತಿಸುವ ಘಟಕವೊಂದನ್ನು ತೆರೆಯಿತು. ಅದರಿಂದ ಕೆಲವು ಮೋಸದ ಸಂದೇಶಗಳು ಬಯಲಾದುವು. ಆ ಉಪಕಾರವನ್ನು ಮರೆಯಲಾಗದು. ಆದರೆ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ 2023ರಲ್ಲಿ ಆದ ತಿದ್ದುಪಡಿಯು, ಕೇಂದ್ರ ಸರ್ಕಾರವನ್ನು ಕುರಿತ ಸುದ್ದಿ ಸುಳ್ಳೆಂದು ನಿರ್ಣಯಿಸುವ ಅಧಿಕಾರವನ್ನು ಸರ್ಕಾರವೇ ನೇಮಿಸುವ ಘಟಕಕ್ಕೆ ಕೊಡಹೊರಟಿತು. 2024ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಅದನ್ನು ಅಸಿಂಧುಗೊಳಿಸಿತು. ಹಣದ ಪ್ರಶ್ನೆ ಜಾಲತಾಣದಲ್ಲಿಯೂ ಎದ್ದಿತು: 2023ರ ಏಪ್ರಿಲಿನಲ್ಲಿ ಟ್ವಿಟರ್ ಸಂಸ್ಥೆಯು ಬಿಬಿಸಿಯ ಹೆಸರಿನ ಪಕ್ಕದಲ್ಲಿ ‘ಸರ್ಕಾರಿ ಹಣದ ಮಾಧ್ಯಮ’ವೆಂಬ ಚೀಟಿಯನ್ನು ಅಂಟಿಸಿತು; ಬಿಬಿಸಿ ಪ್ರತಿಭಟಿಸಲು, ಚೀಟಿಯ ಮಾತು ಬದಲಾಗಿ, ಆ ತಿಂಗಳು ಮುಗಿಯುವುದರೊಳಗೆ ಎಲ್ಲ ಚೀಟಿಗಳೂ ಕಿತ್ತುಹೋದುವು. ಹಣದ ಮೂಲವನ್ನು ಎರಡು ಪದಗಳಲ್ಲಿ ಹೇಳಬಹುದು. ತಡೆಯುವ ಕೈ ಯಾರದೆಂಬುದಕ್ಕೆ ಚೀಟಿಯಲ್ಲಿ ಸ್ಥಳವಿಲ್ಲ.

ರೇಡಿಯೋದ ವಿಷಯದಲ್ಲಂತೂ ಆ ಕೈ ಇನ್ನೂ ಸಡಿಲವಾಗಿಲ್ಲ. ಪತ್ರಿಕೆಗೂ ಖಾಸಗಿ ಟಿವಿ ವಾಹಿನಿಗೂ ಇರುವ ಸ್ವಾತಂತ್ರ್ಯ ಖಾಸಗಿ ಎಫ್ಎಂ ನಿಲಯಕ್ಕೂ ಸಮುದಾಯ ರೇಡಿಯೋಗೂ ಇಂದಿಗೂ ದೊರೆತಿಲ್ಲ. ಗೋಪಾಲಸ್ವಾಮಿಯವರು ಕೈಯಿಂದ ಹಣ ಹಾಕಿ, ಯಾರ ಅಪ್ಪಣೆಯ ದನಿಯನ್ನೂ ಅನುಕರಿಸದೆ, ‘ಆಕಾಶವಾಣಿ’ಯೆಂದು ನುಡಿದ ಮೈಸೂರಿನಲ್ಲಿ, ಇಂದು ಒಂದು ಖಾಸಗಿ ನಿಲಯವು ದಿನವಿಡೀ ಹಾಡಬಹುದು, ಹವಾಮಾನವನ್ನು ಹೇಳಬಹುದು, ಯಾವ ರಸ್ತೆಯಲ್ಲಿ ವಾಹನಗಳು ನಿಂತಿವೆಯೆಂದೂ ಯಾವ ಬಡಾವಣೆಗೆ ನೀರು ಬಾರದೆಂದೂ ತಿಳಿಸಬಹುದು, ಆದರೆ ಆ ನೀರು ಏಕೆ ಬಾರದೆಂಬುದನ್ನು ಕುರಿತು ಅದೇ ದಿನ ನಗರಪಾಲಿಕೆಯ ಸಭೆಯಲ್ಲಿ ಆದ ವಾಗ್ವಾದವನ್ನು ತನ್ನ ವರದಿಗಾರನನ್ನು ಕಳುಹಿಸಿ ವಾರ್ತೆಯನ್ನಾಗಿ ಓದುವಂತಿಲ್ಲ. ವಾರ್ತೆ ಬೇಕೆಂದರೆ ಅದು ಆಕಾಶವಾಣಿಯ ವಾರ್ತೆಯನ್ನೇ, ಒಂದಕ್ಷರವನ್ನೂ ಬದಲಿಸದೆ, ಮರುಪ್ರಸಾರ ಮಾಡತಕ್ಕದ್ದು.